ಗಾಡಿಯ ಬಾಲ

ಮುಖ ನೋಡಿ ಮಣೆ ಹಾಕುವದು ಮನುಷ್ಯರ ಹಳೆಯ ರೂಢಿ. ಗಾಡಿಗಳ ವಿಷಯದಲ್ಲಿಯೂ ಈ ಮಾತು ಸುಳ್ಳಲ್ಲ. ಹೊಸ ಮೋಟಾರ್ ಸೈಕಲ್ಲೊಂದು ಊರಿಗೆ ಬಂದರೆ ಜನ ನೋಡುವದು ಅದರ ದೀಪವನ್ನು, ಟಾಕಿಯ ಬಣ್ಣವನ್ನು, ಹ್ಯಾಂಡಲಿಗೆ ಹಾಕಿದ ಚೆಂಡುಹೂವಿನ ಮಾಲೆಯನ್ನು. ಹಿಂಬದಿಗೆ ಬಾಗಿ ಅದರ ಹೊಗೆಕೊಳವೆಯನ್ನು ನೋಡಿ ಮೆಚ್ಚಿದವರನ್ನು ನಾನು ಕಂಡಿಲ್ಲ. ಹತ್ತಿರ ಹೋದ ಒಂದಿಬ್ಬರು ಹುಡುಗರು ಕಾಲು ಸುಟ್ಟುಕೊಂಡದ್ದನ್ನು ಮಾತ್ರ ಕಂಡಿದ್ದೇನೆ. ನಮ್ಮ ವಾರ್ಷಿಕ ಸಂಚಿಕೆಯ ವಿದ್ಯಾರ್ಥಿ ಸಂಪಾದಕರು, "ಏನಾದರೂ ಬರೆದುಕೊಡು, ಆದರೆ ಪ್ರೇಮದ ಮೇಲೆ ಬೇಡ, ಮಳೆಯ ಮೇಲೆಯೂ ಬೇಡ, ಅವೆರಡೂ ಬೇಕಾದಷ್ಟು ಬಂದಿವೆ" ಎಂದಾಗ, ಯಾರೂ ನೋಡದ ಈ ಬಾಲದ ಮೇಲೆಯೇ ಏಕೆ ಬರೆಯಬಾರದು ಎನಿಸಿತು. ಕಲಾ ವಿಭಾಗದವನಿಗೆ ಯಂತ್ರದ ಉಸಾಬರಿ ಏಕೆಂದು ಗುರುಗಳು ಕೇಳಬಹುದು. ನಾನು ಮೊದಲು ಕೈ ಸುಟ್ಟುಕೊಂಡು, ಆ ಮೇಲೆ ಓದಿ ತಿಳಿದುಕೊಂಡ ವಿಷಯ ಇದೊಂದೇ ಎಂಬುದು ನನ್ನ ಉತ್ತರ.

ನನ್ನದು ಯಲಬುರ್ಗಾ ತಾಲೂಕಿನ ಬೇವೂರು. ಊರಿನ ಹೆಸರಿನಲ್ಲಿಯೇ ಬೇವು ಇರುವದರಿಂದ, ಯುಗಾದಿಗೆ ಇವರು ಬೆಲ್ಲವನ್ನಷ್ಟೇ ಕೊಂಡರೆ ಸಾಕು ಎಂದು ನೆಂಟರು ಚೇಷ್ಟೆ ಮಾಡುವದುಂಟು. ಆ ಊರಿನ ನಮ್ಮ ಮನೆಯ ಪಡಸಾಲೆಯಲ್ಲಿ ಅಪ್ಪನ ಗಾಡಿ ನಿಂತಿದೆ. ಅದು ಯಮಾಹಾ ಆರೆಕ್ಸ್ ೧೦೦. ನಮ್ಮ ದೇಶದಲ್ಲಿ ೧೯೮೫ರಿಂದ ೧೯೯೬ರ ವರೆಗೆ ತಯಾರಾದ ಗಾಡಿ. ಅಪ್ಪ ಕೊಂಡದ್ದು ೧೯೯೫ರಲ್ಲಿ. ಕೊಪ್ಪಳ ಪ್ರತ್ಯೇಕ ಜಿಲ್ಲೆಯಾದದ್ದು ೧೯೯೭ರಲ್ಲಾದ್ದರಿಂದ, ಅದರ ಫಲಕದ ಮೇಲೆ ಇಂದಿಗೂ ಇರುವದು ಕೊಪ್ಪಳದ ೩೭ ಅಲ್ಲ, ರಾಯಚೂರಿನ ೩೬. ಜಿಲ್ಲೆ ಬದಲಾದರೂ ಗಾಡಿ ತನ್ನ ಹಳೆಯ ಮನೆತನವನ್ನು ಬಿಟ್ಟಿಲ್ಲ. ಎಂಜಿನ್ನಿನ ಹೊಟ್ಟೆ ಕೇವಲ ೯೮ ಸಿಸಿ. ಆದರೆ ಅದು ಎಳೆಯುವದು ಹನ್ನೊಂದು ಕುದುರೆಗಳ ಬಲದಿಂದ.

ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದರು. ಪ್ರತಿದಿನ ಬೆಳಿಗ್ಗೆ ಆ ಗಾಡಿಯ ಮೇಲೆ ಪಕ್ಕದ ಹಳ್ಳಿಗೆ ಹೋಗಿ ಸಂಜೆ ಬರುವರು. ಊರ ಹೊರಗಿನ ತಿರುವಿನಲ್ಲಿ ಅದರ ಸಪ್ಪಳ ಕೇಳಿಸಿದೊಡನೆ ಅವ್ವ ಒಲೆಯ ಮೇಲೆ ಹಂಚು ಇಡುವಳು. ಅಪ್ಪ ಗಾಡಿ ನಿಲ್ಲಿಸಿ, ಕೈಕಾಲು ತೊಳೆದು, ಮಣೆಯ ಮೇಲೆ ಕೂಡುವದಕ್ಕೂ ಮೊದಲನೆಯ ರೊಟ್ಟಿ ಉಬ್ಬುವದಕ್ಕೂ ಸರಿಹೋಗುತ್ತಿತ್ತು. ಊರಿನಲ್ಲಿ ಅಂಥ ಗಾಡಿ ಇನ್ನೆರಡು ಇದ್ದವು. ಅವ್ವ ಒಮ್ಮೆಯೂ ತಪ್ಪಿದ್ದನ್ನು ನಾನು ನೋಡಿಲ್ಲ. ನಾನು ಪಿಯುಸಿ ಓದುತ್ತಿದ್ದಾಗ ಅಪ್ಪ ತೀರಿಕೊಂಡರು. ಗಾಡಿ ನನ್ನ ಪಾಲಿಗೆ ಬಂತು. ಕಾಲೇಜಿನಿಂದ ನಾನು ಬರುವ ಹೊತ್ತಿಗೂ ಹಂಚು ಒಲೆಯ ಮೇಲೆ ಇರುತ್ತಿತ್ತು. ಅದು ಹಸಿದವನ ಅದೃಷ್ಟವೆಂದು ನಾನು ತಿಳಿದಿದ್ದೆ.

ನನಗೆ ರೋಗ ತಗಲಿದ್ದು ೨೦೨೪ರ ದಸರೆಯ ರಜೆಯಲ್ಲಿ. ಬೆಂಗಳೂರಿನಿಂದ ಬಂದ ದೊಡ್ಡಪ್ಪನ ಮಗ ತನ್ನ ಫೋನಿನಲ್ಲಿ ಒಂದು ಕಾರಿನ ಚಿತ್ರ ತೋರಿಸಿದ. "ನೋಡಲೇ, ಇದೂ ಆರೆಕ್ಸೇ" ಎಂದ. ಅದು ಜಪಾನಿನ ಮಾಜ್ದಾ ಕಂಪನಿಯ ಆರೆಕ್ಸ್-೭. ಯಾರೋ ಅದರ ಮೂಲ ಹೊಗೆಕೊಳವೆಯನ್ನು ತೆಗೆದು ದಪ್ಪನೆಯ ನೇರ ಕೊಳವೆಯನ್ನು ಕೂಡಿಸಿದ್ದರು. ಕಾರು ಗರ್ಜಿಸಿತು, ಬಾಲದಿಂದ ಮೊಳದುದ್ದ ಬೆಂಕಿ ಹೊರಬಂತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹೆಸರಿನ ಮೊದಲೆರಡು ಅಕ್ಷರಗಳ ಹೊರತು ಆ ಕಾರಿಗೂ ನನ್ನ ಗಾಡಿಗೂ ಯಾವ ಸಂಬಂಧವೂ ಇರಲಿಲ್ಲ. ಆದರೆ ಇಪ್ಪತ್ತರ ವಯಸ್ಸಿನಲ್ಲಿ ಎರಡು ಅಕ್ಷರ ಸಾಕು.

ಆ ಕಾರಿನ ಎಂಜಿನ್ನಿನ ವಿಷಯ ನಿಜವಾಗಿಯೂ ಸ್ವಾರಸ್ಯದ್ದು. ಉಳಿದ ಎಂಜಿನ್ನುಗಳಲ್ಲಿ ಪಿಸ್ಟನ್ನು ಮೇಲೆ ಕೆಳಗೆ ಕುಟ್ಟುತ್ತದೆ. ಇದರಲ್ಲಿ ಕುಟ್ಟುವದೇ ಇಲ್ಲ, ಬೀಸುವದು ಮಾತ್ರ. ಒನಕೆಗೂ ಬೀಸುವ ಕಲ್ಲಿಗೂ ಇರುವ ವ್ಯತ್ಯಾಸವೆಂದರೆ ನಮ್ಮ ಹಿರಿಯರಿಗೆ ಬೇಗ ತಿಳಿಯುತ್ತದೆ. ಎರಡು ಕಾಳಿನ ಶೇಂಗಾಕಾಯಿಯ ಹಾಗೆ ನಡು ಒಳಗೆ ಸರಿದ ಗೂಡು. ಅದರೊಳಗೆ ಮೂರು ಮೂಲೆಯ ತಿರುಗಣೆ. ಜರ್ಮನಿಯ ಫೆಲಿಕ್ಸ್ ವಾಂಕೆಲ್ ಇದನ್ನು ಕಲ್ಪಿಸಿದ. ಎನ್‌ಎಸ್‌ಯು ಎಂಬ ಕಂಪನಿಯಲ್ಲಿ ೧೯೫೭ರಲ್ಲಿ ಅದು ಮೊದಲು ತಿರುಗಿತು. ಮಾಜ್ದಾದವರು ೧೯೬೭ರಲ್ಲಿ ಇದನ್ನು ಕಾಸ್ಮೋ ಎಂಬ ಕಾರಿನಲ್ಲಿಟ್ಟು ಮಾರಿದರು. ೧೯೭೮ರಿಂದ ೨೦೦೨ರ ವರೆಗೆ ಆರೆಕ್ಸ್-೭ ನಡೆಯಿತು. ೧೯೯೧ರಲ್ಲಿ ಫ್ರಾನ್ಸಿನ ಲ ಮಾನ್ಸ್ ಊರಿನ ಇಪ್ಪತ್ತನಾಲ್ಕು ತಾಸಿನ ಪಂದ್ಯವನ್ನು ಇಂಥ ನಾಲ್ಕು ತಿರುಗಣೆಗಳ ಕಾರೇ ಗೆದ್ದಿತು. ಜಪಾನಿನ ಕಾರೊಂದು ಆ ಪಂದ್ಯವನ್ನು ಗೆದ್ದದ್ದು ಅದೇ ಮೊದಲು.

ಇವೆಲ್ಲವನ್ನು ನಾನು ಉತ್ಸಾಹದಿಂದ ಓದಿದೆ. ಮುಂದಿನ ಪುಟವನ್ನು ಮಾತ್ರ ಓದಲಿಲ್ಲ. ಓದಿದ್ದರೆ, ಆ ಎಂಜಿನ್ನಿನ ದೊಡ್ಡ ದೋಷವಿರುವದೇ ಅದರ ಬಾಲದಲ್ಲಿ ಎಂದು ಆಗಲೇ ತಿಳಿಯುತ್ತಿತ್ತು. ಅದರಲ್ಲಿ ಪೆಟ್ರೋಲು ಪೂರ್ತಿ ಉರಿಯುವದಿಲ್ಲ. ಅರೆಬೆಂದ ಹೊಗೆ ಬಹು ಬಿಸಿಯಾಗಿ ಹೊರಬೀಳುತ್ತದೆ. ಮೂಲೆಗಳು ಸವೆಯದಂತೆ ಹನಿಸುವ ಎಣ್ಣೆಯೂ ಅದರೊಡನೆ ಸುಡುತ್ತದೆ. ಆದ್ದರಿಂದ ಮೊದಮೊದಲು ಕಂಪನಿಯವರು ಹೊಗೆಯ ದಾರಿಯಲ್ಲಿ ದಪ್ಪನೆಯ ಕುಲುಮೆಯಂಥದೊಂದನ್ನು ಇಟ್ಟು, ಅಲ್ಲಿಗೆ ಗಾಳಿ ಊದಿ, ಉಳಿದದ್ದನ್ನು ಮತ್ತೊಮ್ಮೆ ಉರಿಸಿದರು. ಮುಂದೆ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಬಂತು. ೨೦೦೩ರ ಆರೆಕ್ಸ್-೮ರಲ್ಲಿ ಹೊಗೆ ಹೋಗುವ ಬಾಯಿಯನ್ನೇ ಗೂಡಿನ ಅಂಚಿನಿಂದ ಪಕ್ಕದ ಗೋಡೆಗೆ ಸರಿಸಿದರು. ನಾನು ಕಂಡು ಮರುಳಾದ ಬೆಂಕಿ ಎಂದರೆ, ಇಷ್ಟು ವರ್ಷಗಳ ದುಡಿಮೆಯನ್ನು ಕಿತ್ತೆಸೆದ ಮೇಲೆ ವ್ಯರ್ಥವಾಗಿ ಬಾಲದಲ್ಲಿ ಉರಿಯುವ ಪೆಟ್ರೋಲು! ಶೌರ್ಯವೆಂದು ನಾನು ತಿಳಿದದ್ದು ಅಜೀರ್ಣವಾಗಿತ್ತು.

ಆದರೆ ಆಗ ಇಷ್ಟೆಲ್ಲ ಯಾರಿಗೆ ಬೇಕಾಗಿತ್ತು? ದೀಪಾವಳಿ ಮುಗಿಯುತ್ತಲೇ ಪೇಟೆಯ ಒಂದು ಅಂಗಡಿಗೆ ಹೋಗಿ, ಅಪ್ಪನ ಗಾಡಿಯ ಉದ್ದನೆಯ ಸೈಲೆನ್ಸರನ್ನು ಬಿಚ್ಚಿಸಿ, ಮೊಳದುದ್ದದ ಬೋಳು ಕೊಳವೆಯೊಂದನ್ನು ಹಾಕಿಸಿದೆ. ಬಿಚ್ಚಿದ್ದನ್ನು ಅಲ್ಲಿಯೇ ಬಂದಿದ್ದ ಗುಜರಿಯವನಿಗೆ ತೂಕಕ್ಕೆ ಮಾರಿದೆ. ಆ ಹಣದಲ್ಲಿ ನಾಲ್ವರು ಮಿತ್ರರಿಗೆ ಮಿರ್ಚಿ ಮಂಡಕ್ಕಿ ಆಯಿತು, ಐದನೆಯವನಿಗೆ ಸಾಲಲಿಲ್ಲ.

ಗಾಡಿ ಶುರುವಾದಾಗ ಮಂಡಕ್ಕಿಯ ಅಂಗಡಿಯ ತಗಡು ನಡುಗಿತು. ನನ್ನ ಎದೆ ಒಂದು ಗೇಣು ಅಗಲವಾಯಿತು. ಬೇವೂರಿಗೆ ಬಂದಾಗ ನಾಯಿಗಳೆಲ್ಲ ನನ್ನನ್ನು ಸ್ವಾಗತಿಸಿದವು. ಮನೆಯ ಮುಂದೆ ಗಾಡಿ ನಿಲ್ಲಿಸಿ ಒಳಗೆ ಹೋದರೆ ಒಲೆ ತಣ್ಣಗಿತ್ತು. ಅವ್ವ ಪಡಸಾಲೆಯ ಕಂಬಕ್ಕೆ ಒರಗಿ ಅವರೆ ಸುಲಿಯುತ್ತಿದ್ದಳು.

"ನೀನೇನೋ ತಮ್ಮಾ? ಯಾರೋ ಪರಊರಿನವರು ಬಂದ್ರು ಅಂತ ತಿಳಕೊಂಡ್ನೆಪಾ," ಎಂದಳು.

"ಗಾಡಿಗೆ ಹೊಸಾ ಸೈಲೆನ್ಸರ್ ಹಾಕ್ಸೀನಿ, ಅವ್ವಾ."

"ಹಳೇದು ಕೆಟ್ಟಿತ್ತೇನು?"

ನಾನು ಉತ್ತರ ಕೊಡಲಿಲ್ಲ. ಅವಳೂ ಮತ್ತೆ ಕೇಳಲಿಲ್ಲ. ಅವರೆಯ ಬುಟ್ಟಿಯನ್ನು ಬದಿಗೆ ಸರಿಸಿ, ಒಲೆ ಹೊತ್ತಿಸಲು ಎದ್ದು ಹೋದಳು.

ಹದಿನೈದು ದಿನಗಳಲ್ಲಿ ಹೊಸ ಸಪ್ಪಳದ ಬೆಲೆ ತಿಳಿಯತೊಡಗಿತು. ಗಾಡಿ ಕೂಗುವದು ಹೆಚ್ಚಾಗಿತ್ತು, ಎಳೆಯುವದು ಕಡಿಮೆಯಾಗಿತ್ತು. ಮೊದಲು ಮೂರನೆಯ ಗೇರಿನಲ್ಲಿ ಏರುತ್ತಿದ್ದ ಏರಿಯನ್ನು ಈಗ ಎರಡನೆಯದರಲ್ಲಿ ಏರಬೇಕು. ಲೀಟರಿಗೆ ನಾಲ್ವತ್ತು ಕಿಲೋಮೀಟರ್ ಓಡುತ್ತಿದ್ದದ್ದು ಮೂವತ್ತು ದಾಟಲು ಒಲ್ಲದು. ಕೊಪ್ಪಳದ ಗ್ಯಾರೇಜಿನ ವಯಸ್ಸಾದ ಮಿಸ್ತ್ರಿಯೊಬ್ಬರ ಕಡೆಗೆ ಒಯ್ದೆ. ಅವರು ಕೊಳವೆಯನ್ನು ನೋಡಿದರು, ನನ್ನನ್ನು ನೋಡಿದರು, ಪ್ಲಗ್ಗು ಬಿಚ್ಚಿ ಅಂಗೈ ಮೇಲಿಟ್ಟುಕೊಂಡರು. ಕಾಫಿಪುಡಿಯ ಬಣ್ಣವಿರಬೇಕಾದ ಅದರ ಮೂತಿ ಸುಣ್ಣದ ಹಾಗೆ ಬೆಳ್ಳಗಾಗಿತ್ತು. "ಹಿಂಗ ಇನ್ನೊಂದು ತಿಂಗಳು ಓಡ್ಸು. ಪಿಸ್ಟನ್ ಹಿಡಕೊಂಡು ಗಾಡಿ ನಡುದಾರ್ಯಾಗ ಕೂಡತೈತಿ," ಎಂದರು.

"ಹೊಗಿ ಸಲೀಸ ಹೊರಗ ಹೋದ್ರ ಗಾಡಿಗೆ ಚಲೋ ಅಲ್ಲೇನ್ರಿ ಕಾಕಾ?" ಎಂದು ಕೇಳಿದೆ.

ಅವರು ನಕ್ಕು, ಗವಿಮಠದ ಜಾತ್ರೆಯ ಮಹಾದಾಸೋಹದ ದೃಷ್ಟಾಂತ ಕೊಟ್ಟರು. ಅದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಎರಡು ಸ್ಟ್ರೋಕಿನ ಎಂಜಿನ್ನಿಗೆ ಬೇರೆ ಬಾಗಿಲುಗಾರರಿಲ್ಲ. ಪಿಸ್ಟನ್ನೇ ಬಾಗಿಲು ತೆರೆದು ಮುಚ್ಚುತ್ತದೆ. ಉಂಡವರು ಏಳುವದಕ್ಕೂ ಹಸಿದವರು ಒಳಗೆ ನುಗ್ಗುವದಕ್ಕೂ ಒಂದೇ ಗಳಿಗೆ. ಆ ನೂಕಿನಲ್ಲಿ ಹಸಿದವರಲ್ಲಿಯೂ ಕೆಲವರು, ಊಟ ಮಾಡದೆಯೇ, ಉಂಡವರೊಡನೆ ಹೊರಬಾಗಿಲಿಗೆ ಹೋಗಿಬಿಡುತ್ತಾರೆ. ಅವರನ್ನು ಎದೆಗೆ ಕೈಕೊಟ್ಟು ತಿರುಗಿ ಒಳಗೆ ನೂಕುವವನೊಬ್ಬ ಹೊರಗೆ ನಿಂತಿರಬೇಕು. ಆ ಕೆಲಸವನ್ನು ಮಾಡುವದು ಸೈಲೆನ್ಸರಿನ ಹೊಟ್ಟೆ. ಹೊರಗೆ ಧಾವಿಸಿದ ಹೊಗೆಯ ಅಲೆ ಕೊಳವೆ ಅಗಲವಾಗುವಲ್ಲಿ ಹಳೆಯದನ್ನು ಸೆಳೆದುಕೊಳ್ಳುತ್ತದೆ. ಮತ್ತೆ ಕಿರಿದಾಗುವಲ್ಲಿ ಬಡಿದು ಹಿಂದಿರುಗಿ, ತಪ್ಪಿಸಿಕೊಂಡು ಬಂದ ಹೊಸ ಪೆಟ್ರೋಲನ್ನು ಬಾಗಿಲು ಮುಚ್ಚುವದರೊಳಗೆ ತಿರುಗಿ ಒಳಗೆ ದೂಡುತ್ತದೆ. ನಾನು ಆ ಹೊಟ್ಟೆಯನ್ನೇ ಗುಜರಿಗೆ ಹಾಕಿದ್ದೆ. ಉರಿಯದ ಪೆಟ್ರೋಲು ಸಲೀಸಾಗಿ ಬೀದಿಗೆ ಹೋಗುತ್ತಿತ್ತು, ನನ್ನ ಹಣವೂ ಅದರೊಡನೆ.

ಈ ಕೊಳವೆಯ ಲೆಕ್ಕವನ್ನು ಜಗತ್ತು ಎಷ್ಟು ಬೆಲೆಯುಳ್ಳದ್ದೆಂದು ತಿಳಿದಿತ್ತೆಂಬುದನ್ನು ನಾನು ಆಮೇಲೆ ಓದಿದೆ. ಪೂರ್ವ ಜರ್ಮನಿಯ ಎಂಝಡ್ ಕಾರ್ಖಾನೆಯಲ್ಲಿ ವಾಲ್ಟರ್ ಕಾಡೆನ್ ಎಂಬ ಎಂಜಿನಿಯರರು ೧೯೫೦ರ ದಶಕದಲ್ಲಿ ಈ ಅಲೆಯನ್ನು ಹದಕ್ಕೆ ತಂದು, ಸಣ್ಣ ಎಂಜಿನ್ನಿನಿಂದ ದೊಡ್ಡ ಶಕ್ತಿ ತೆಗೆದರು. ಅವರ ಸವಾರ ಅರ್ನ್ಸ್ಟ್ ಡೆಗ್ನರ್ ೧೯೬೧ರಲ್ಲಿ ಸ್ವೀಡನ್ನಿನ ಪಂದ್ಯದ ಸಮಯದಲ್ಲಿ ತನ್ನ ದೇಶ ಬಿಟ್ಟು ಓಡಿಹೋಗಿ, ಆ ವಿದ್ಯೆಯನ್ನು ಜಪಾನಿನ ಸುಝುಕಿಗೆ ಮುಟ್ಟಿಸಿದ. ಮರುವರ್ಷವೇ ೫೦ ಸಿಸಿ ವರ್ಗದ ಜಗತ್ಪ್ರಶಸ್ತಿ ಅವನಿಗೂ ಸುಝುಕಿಗೂ ದೊರೆಯಿತು. ಹೊಗೆಕೊಳವೆಯ ಒಂದು ಗುಟ್ಟು ಇಷ್ಟು ದೂರ ಪ್ರಯಾಣ ಮಾಡಿತ್ತು. ಅಂಥ ವಿದ್ಯೆಯ ಒಂದು ಕುಡಿಯೇ ಅಪ್ಪನ ಗಾಡಿಯ ಬಾಲದಲ್ಲಿಯೂ ಇತ್ತು. ನಾನು ಅದರಿಂದ ಮಂಡಕ್ಕಿ ತಿಂದೆ.

ಇಷ್ಟಾದರೂ ನಾನು ಕೂಡಲೇ ತಿದ್ದಿಕೊಂಡೆನೆಂದು ವಾಚಕರು ತಿಳಿಯಬಾರದು. ಹಣವಿಲ್ಲವೆಂಬುದು ನೆಪ, ಮಿತ್ರರೆದುರು ಸಪ್ಪಳ ಇಳಿಯುವದು ಬೇಡವಾಗಿತ್ತು ಎಂಬುದು ನಿಜ. ೨೦೨೫ರ ಜನವರಿಯಲ್ಲಿ ಒಂದು ಸಂಜೆ, ಹೊಲದ ದಾರಿಯಲ್ಲಿ, ಕಣಿಕೆ ಹೇರಿದ ಚಕ್ಕಡಿಯೊಂದು ಮುಂದೆ ಹೋಗುತ್ತಿತ್ತು. ದಾಟಿ ಹೋಗಲು ಗೇರು ಇಳಿಸಿ ಒಮ್ಮೆಲೆ ತಿರುವಿದೆ. ಎತ್ತುಗಳು ಬೆದರಿ ಎಡಕ್ಕೆ ಎಳೆದವು. ಗಾಲಿ ಒಡ್ಡಿನ ಮೇಲೆ ಹತ್ತಿ ಚಕ್ಕಡಿ ವಾಲಿತು. ಕಣಿಕೆಯ ಮೇಲೆ ಕುಳಿತಿದ್ದವರು ಕೆಳಗೆ ಬಿದ್ದರು. ಹೋಗಿ ನೋಡಿದರೆ ಅಪ್ಪನ ಗೆಳೆಯರಾದ ನಮ್ಮ ಓಣಿಯ ಕಾಕಾ. ಬಲಗೈಯ ಮಣಿಕಟ್ಟು ನೋಡನೋಡುತ್ತ ಊದಿಕೊಂಡಿತು.

"ಗಾಡಿ ಮ್ಯಾಲೆ ಕೂಡ್ರಿ ಕಾಕಾ, ದವಾಖಾನಿಗೆ ಹೋಗೂಣು," ಎಂದೆ.

"ಅದರ ಮ್ಯಾಲೆ ಒಲ್ಲೆಪಾ," ಎಂದರು. ಟಂಟಂ ತರಿಸಿ ಕರೆದೊಯ್ದೆವು. ಎಲುಬು ಮುರಿದಿತ್ತು. ಸುಗ್ಗಿಯ ದಿನಗಳು, ಆ ಕೈಯನ್ನು ಆರು ವಾರ ಕೊರಳಿಗೆ ಕಟ್ಟಿಕೊಂಡು ಅವರು ಕಣದ ಅಂಚಿನಲ್ಲಿ ಕುಳಿತಿರಬೇಕಾಯಿತು. ನಾನು ಪ್ರತಿದಿನ ಹೋಗಿ ಅವರ ಎತ್ತುಗಳಿಗೆ ಮೇವು ಹಾಕಿ ಬರುತ್ತಿದ್ದೆ. ಮೊದಮೊದಲು ಎತ್ತುಗಳೂ ನನ್ನನ್ನು ನಂಬಲಿಲ್ಲ. ಕಾಕಾ ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ಒಂದು ದಿನ ಮಾತ್ರ ಬೀಡಿ ಹೊತ್ತಿಸಲು ನನ್ನ ಕೈಗೆ ಕಡ್ಡಿಪೆಟ್ಟಿಗೆ ಕೊಡುತ್ತ ಅಂದರು:

"ತಮ್ಮಾ, ಗಾಡಿ ಮುಂದಿನ ಗಾಳಿ ನಿಂದು. ಹಿಂದಿಂದು ನಿಂದಲ್ಲ, ಅದು ನಾವು ಕುಡಿಯೋದು, ನಾವು ಕೇಳೋದು. ನಿಮ್ಮಪ್ಪ ಮಾಸ್ತರ ಅದನ್ನ ತಿಳಿದಿದ್ದ. ಎತ್ತು ಕಂಡ್ರ ಗಾಡಿ ಬಂದ್ ಮಾಡಿ ದಬ್ಬಿಕೊಂಡ ಹೋಗತಿದ್ದ."

ನನಗೆ ಇದು ಗೊತ್ತಿರಲಿಲ್ಲ. ಅಪ್ಪ ಮನೆಯಲ್ಲಿ ಹೇಳಿರಲಿಲ್ಲ.

ಆ ವರ್ಷವೇ ಗಾಡಿಯ ನೋಂದಣಿಯ ನವೀಕರಣವೂ ಬಂತು. ಹದಿನೈದು ವರ್ಷ ಕಳೆದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ಈ ಪರೀಕ್ಷೆ ತಪ್ಪದು. ಅದಕ್ಕೆ ಹೊಗೆ ತಪಾಸಣೆಯ ಪತ್ರ ಬೇಕು. ಪೆಟ್ರೋಲ್ ಬಂಕಿನ ಬಳಿ ತಪಾಸಣೆ ಮಾಡುವ ಹುಡುಗ ನನ್ನ ಕೊಳವೆಯನ್ನು ನೋಡಿ ತಲೆಯಾಡಿಸಿದ. ಅಳತೆಯ ಕಡ್ಡಿ ಒಂದಡಿಯಷ್ಟಾದರೂ ಒಳಗೆ ಹೋಗಬೇಕು. ಈ ಮೊಂಡು ಬಾಲದಲ್ಲಿ ಹೊರಗಿನ ಗಾಳಿ ಸೇರಿ ಲೆಕ್ಕವೇ ಸುಳ್ಳಾಗುತ್ತದೆ ಎಂದ. ೨೦೦೦ದ ಏಪ್ರಿಲಿಗಿಂತ ಹಿಂದಿನ ಎರಡು ಸ್ಟ್ರೋಕಿನ ಗಾಡಿಗಳಿಗೆ ಕಾನೂನು ಬಹಳ ಉದಾರವಾಗಿದೆ. ಕಾರ್ಬನ್ ಮಾನಾಕ್ಸೈಡು ನೂರಕ್ಕೆ ನಾಲ್ಕೂವರೆ ಭಾಗದ ವರೆಗೆ, ಉರಿಯದ ಹೈಡ್ರೋಕಾರ್ಬನ್ನು ಹತ್ತು ಲಕ್ಷಕ್ಕೆ ೯೦೦೦ ಭಾಗದ ವರೆಗೆ ಇರಬಹುದು. ಮುದುಕರಿಗೆ ಬಸ್ಸಿನಲ್ಲಿ ಜಾಗ ಬಿಟ್ಟಂತೆ ಬಿಟ್ಟ ಈ ರಿಯಾಯಿತಿಯನ್ನೂ ನಾನು ಉಳಿಸಿಕೊಂಡಿರಲಿಲ್ಲ. ಅಲ್ಲದೆ, ತಯಾರಕರು ಮಾಡಿದ ಗಾಡಿಯ ರೂಪವನ್ನು ಮನಬಂದಂತೆ ಬದಲಿಸುವದನ್ನು ೧೯೮೮ರ ಮೋಟಾರು ವಾಹನ ಕಾಯ್ದೆಯ ೫೨ನೆಯ ಕಲಮು ತಡೆಯುತ್ತದೆ. ಸದ್ದು ಹೊಗೆಗಳ ಮಿತಿ ಮೀರಿದವನಿಗೆ ಅದೇ ಕಾಯ್ದೆಯ ೧೯೦ನೆಯ ಕಲಮು, ೨೦೧೯ರ ತಿದ್ದುಪಡಿಯ ನಂತರ, ಮೊದಲ ತಪ್ಪಿಗೇ ಮೂರು ತಿಂಗಳ ವರೆಗಿನ ಸೆರೆಮನೆ ಇಲ್ಲವೆ ಹತ್ತು ಸಾವಿರ ರೂಪಾಯಿಗಳ ವರೆಗಿನ ದಂಡ, ಅಥವಾ ಎರಡನ್ನೂ ವಿಧಿಸಬಲ್ಲದು. ಪತ್ರ ಸಿಗದಿದ್ದರೆ ನವೀಕರಣವಿಲ್ಲ. ನವೀಕರಣವಿಲ್ಲದಿದ್ದರೆ ಅಪ್ಪನ ಗಾಡಿ ಅವರ ಸೈಲೆನ್ಸರು ಹೋದಲ್ಲಿಗೇ ಹೋಗಬೇಕು.

ಗುಜರಿಯವನನ್ನು ಹುಡುಕಿಕೊಂಡು ಹೋದೆ. ಮೂರು ತಿಂಗಳ ಹಿಂದಿನ ಕಬ್ಬಿಣ! ಅದು ಯಾವ ಭಟ್ಟಿಯಲ್ಲಿ ಕರಗಿತೋ ಅವನಿಗೂ ತಿಳಿಯದು. ಕೊನೆಗೆ ಕೊಪ್ಪಳದ ಮಿಸ್ತ್ರಿ ಕಾಕಾ ಹುಬ್ಬಳ್ಳಿಯಿಂದ ಅದೇ ಅಳತೆಯ ಬೇರೊಂದು ಹಳೆಯ ಸೈಲೆನ್ಸರನ್ನು ತರಿಸಿದರು. ಅದರ ಬೆಲೆ ಮಂಡಕ್ಕಿಯ ಬೆಲೆಯ ಎಷ್ಟು ಪಟ್ಟೆಂದು ಬರೆಯಲು ನಾಚಿಕೆಯಾಗುತ್ತದೆ. ರಜೆಯಲ್ಲಿ ಒಬ್ಬರ ಹೊಲದಲ್ಲಿ ಕಡಲೆ ಕಿತ್ತ ಕೂಲಿ ಅದಕ್ಕೆ ಹೋಯಿತು. ಬಾಲದ ಕೆಳಗಿನ ಒಂದು ಬೋಲ್ಟು ಬಿಚ್ಚಿದರೆ ಒಳಗಿನಿಂದ ತೂತುಗಳುಳ್ಳ ಸಣ್ಣ ಕೊಳವೆ ಹೊರಬರುತ್ತದೆ. ಅದಕ್ಕೆ ಬ್ಯಾಫಲ್ ಎನ್ನುತ್ತಾರೆ. ಅದರ ಮೇಲಿನ ಇದ್ದಲಿಯನ್ನು ಬೆಂಕಿಯಲ್ಲಿ ಸುಟ್ಟು, ತಂತಿಯ ಬ್ರಷ್ಷಿನಿಂದ ನಾನೇ ಉಜ್ಜಿದೆ. ಮಿಸ್ತ್ರಿ ಕಾಕಾ ಕಾರ್ಬುರೇಟರನ್ನು ತೊಳೆದು, ಎಣ್ಣೆಯ ಪಂಪನ್ನು ಹದಮಾಡಿದರು. ತಪಾಸಣೆಯ ಯಂತ್ರದಲ್ಲಿ ಅಂಕಿ ೯೦೦೦ದ ಒಳಗೆ ನಿಂತಾಗ ನನಗೆ ಪರೀಕ್ಷೆಯಲ್ಲಿ ಪಾಸಾದಷ್ಟೇ ಸಂತೋಷವಾಯಿತು. ಪಾಸಾದವನ ಅಂಕಗಳು ಮೆರೆಯುವಂಥವೇನೂ ಇರಲಿಲ್ಲ. ಎರಡು ಸ್ಟ್ರೋಕಿನ ಗಾಡಿ ಎಷ್ಟು ತೊಳೆದರೂ ಹೊಗೆ ಬಿಡುವದೇ. ಆದ್ದರಿಂದ ಬಸ್ಸು ಸಿಕ್ಕ ದಿನ ಈಗ ನಾನು ಬಸ್ಸಿಗೇ ಬರುತ್ತೇನೆ.

ಅಂದು ಸಂಜೆ ಊರ ಹೊರಗಿನ ತಿರುವಿನಲ್ಲಿ ನನ್ನ ಎದೆ ಬಡಿದುಕೊಳ್ಳುತ್ತಿತ್ತು. ಎದುರಿಗೆ ಕಾಕಾ ಅವರ ಚಕ್ಕಡಿ ಬರುತ್ತಿತ್ತು. ಕೈ ಕೊರಳಿನಿಂದ ಇಳಿದಿತ್ತು. ಗಾಡಿ ಬಂದ್ ಮಾಡಿ, ಇಳಿದು, ದಬ್ಬಿಕೊಂಡು ದಾಟಿದೆ. ಅವರು ಏನೂ ಅನ್ನಲಿಲ್ಲ. ಬಾರಕೋಲನ್ನು ಎಡಗೈಗೆ ತೆಗೆದುಕೊಂಡು ಬಲಗೈ ಎತ್ತಿದರು. ಆಮೇಲೆ ಮತ್ತೆ ಕಿಕ್ ಹೊಡೆದು ಮನೆಗೆ ಬಂದೆ.

ಒಲೆಯಲ್ಲಿ ಉರಿ ಇತ್ತು. ಹಂಚು ಇನ್ನೂ ಅವ್ವನ ಕೈಯಲ್ಲಿತ್ತು.

"ಅದ ಸಪ್ಪಳ ಐತೇನು, ಅವ್ವಾ?" ಎಂದು ಕೇಳಿದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅದ ಅಲ್ಲ. ಅದರ ಹಂಗ ಐತಿ," ಎಂದು ಹಂಚನ್ನು ಒಲೆಯ ಮೇಲಿಟ್ಟಳು.

ಅಂದಿನಿಂದ ನಾನು ಬರುವ ಹೊತ್ತಿಗೆ ರೊಟ್ಟಿ ಬಿಸಿಯಾಗಿಯೇ ಇರುತ್ತದೆ. ಆದರೆ ಸಪ್ಪಳ ಕೇಳಿದ ಮೇಲೆ ಅವ್ವ ಒಂದು ಗಳಿಗೆ ಕಾಯುತ್ತಾಳೆ, ನಾನೇ ಹೌದೋ ಅಲ್ಲವೋ ಎಂದು. ಆ ಒಂದು ಗಳಿಗೆಯನ್ನು ಸರಿಪಡಿಸುವ ಮಿಸ್ತ್ರಿ ಹುಬ್ಬಳ್ಳಿಯಲ್ಲಿಯೂ ಇಲ್ಲ. ಗಾಡಿಯುಳ್ಳ ನನ್ನ ಮಿತ್ರರು ಈ ಲೇಖನವನ್ನು ಓದಿ ನಗಬಹುದು, ನಗಲಿ. ನಕ್ಕ ಮೇಲೆ ಒಮ್ಮೆ ತಮ್ಮ ಗಾಡಿಯ ಹಿಂದೆ ಹೋಗಿ ನಿಂತು ನೋಡಲಿ. ಅಲ್ಲಿ ನಿಂತವರು ಎಷ್ಟು ಜನರೆಂಬುದು ಸೀಟಿನ ಮೇಲೆ ಕುಳಿತವನಿಗೆ ಕಾಣುವದಿಲ್ಲ.